ಸ್ಟಿಕ್ಕರ್ ಅಂಟಿಸಿದ ಮೇಲಿನ ಒಂದು ಹಿಡಿ

ಮಂಗಳವಾರ, ಬೆಳಿಗ್ಗೆ ಎಂಟು ನಲವತ್ತು. ಸ್ಥಳ ಮಧುಗಿರಿ, ಬಸ್ ನಿಲ್ದಾಣಕ್ಕೆ ಹತ್ತಿರದ ನಮ್ಮ ಸೂಪರ್ ಮಾರ್ಕೆಟ್. ಹಾಜರಿದ್ದವರು ಮೂವರು: ಮ್ಯಾನೇಜರ್ ನದೀಮ್, ಬಿಲ್ಲಿಂಗ್ ಕೌಂಟರಿನ ಪುಷ್ಪ, ಬಾಗಿಲಲ್ಲಿ ನಿಂತು ಬಿಲ್ ನೋಡಿ ತೂತು ಹೊಡೆಯುವ ನಾನು. ಉಳಿದವರು ಒಂಬತ್ತಕ್ಕೆ ಬರುತ್ತಾರೆ. ನಾನು ಇಪ್ಪತ್ತು ನಿಮಿಷ ಮೊದಲೇ ಬಂದು ಬಾಗಿಲ ಬಳಿಯ ಕಾಲೊರಸು ಕೊಡವಿ ಹಾಸುತ್ತೇನೆ. ಅದು ಯಾರೂ ಹೇಳಿದ ಕೆಲಸವಲ್ಲ.

ತುಮಕೂರಿನ ಕಚೇರಿಯಿಂದ ಬಂದ ಪತ್ರವನ್ನು ನದೀಮ್ ಓದಿದರು. ಇವತ್ತಿನಿಂದ ಲೂಸ್ ಸೆಕ್ಷನ್ ಮುಚ್ಚಬೇಕು. ಇನ್ನು ಮುಂದೆ ಬೇಳೆ, ಕಾಳು, ಕಡಲೆಬೀಜ ಎಲ್ಲವೂ ಕಂಪನಿಯ ಪ್ಯಾಕೆಟ್ಟಿನಲ್ಲೇ ಬರುತ್ತವೆ. ಡಬ್ಬಗಳಲ್ಲಿ ಉಳಿದಿರುವುದನ್ನು ಚೀಲಕ್ಕೆ ತುಂಬಬೇಕು. ತೂಕದ ಯಂತ್ರ ಐದೂವರೆಯ ವ್ಯಾನಿನಲ್ಲಿ ಶಿರಾ ಅಂಗಡಿಗೆ ಹೋಗುತ್ತದೆ. ಕಾರಣವನ್ನೂ ಬರೆದಿದ್ದರು: ಲೂಸ್ ಸೆಕ್ಷನ್ನಿನಲ್ಲಿ ಮಾಲಿನ ಕೊರತೆ ನಿಲ್ಲುತ್ತಿಲ್ಲ.

“ಮೇಲ್ವಿಚಾರಣೆ ನಿಮ್ದೇ ಸರ್,” ಅಂದರು ನದೀಮ್.

ನಿಲ್ಲುತ್ತಿಲ್ಲ ಎಂಬ ಮಾತು ನನ್ನನ್ನು ಚುಚ್ಚಿತು. ಆ ಕೊರತೆಗೆ ಕಾರಣಳೆಂದು ಒಬ್ಬ ಹೆಂಗಸನ್ನು ಏಳು ತಿಂಗಳ ಹಿಂದೆ ಕೆಲಸದಿಂದ ತೆಗೆದಿದ್ದರು. ತೆಗೆಯುವುದಕ್ಕೆ ಆಧಾರವಾದದ್ದು ನನ್ನ ಡೈರಿ. ಆಕೆ ಹೋದ ಮೇಲೂ ಕೊರತೆ ಉಳಿದಿದೆ ಎಂದರೆ ಎರಡರಲ್ಲಿ ಒಂದು ನಿಜ. ಬೇರೆ ಯಾರೋ ತೆಗೆಯುತ್ತಿದ್ದಾರೆ, ಇಲ್ಲವೇ ನಾನು ಬರೆದದ್ದು ತಪ್ಪು. ಈ ಏಳು ತಿಂಗಳೂ ನಾನು ಮೊದಲನೆಯದನ್ನೇ ನಂಬಿ, ಆಕೆಯ ಜಾಗಕ್ಕೆ ಬಂದ ಹುಡುಗಿಯ ಮೇಲೆ ಕಣ್ಣಿಟ್ಟಿದ್ದೆ. ಆ ಹುಡುಗಿಯೂ ಬೇಸತ್ತು ಬಿಟ್ಟುಹೋದಳು.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಕೆಗೆ ಅದು ಇಷ್ಟವಿರಲಿಲ್ಲ. ಕಂಪನಿಯ ನಿಯಮದಂತೆ ಎಲ್ಲರೂ ಎದೆಗೆ ಹೆಸರಿನ ಪಟ್ಟಿ ಹಾಕಿಕೊಳ್ಳಬೇಕು. ಆಕೆ ಹಾಕಿಕೊಳ್ಳುತ್ತಿದ್ದಳು, ಆದರೆ ಅಕ್ಷರವನ್ನು ಒಳಮುಖ ಮಾಡಿ. ನದೀಮ್ ದಿನಕ್ಕೊಮ್ಮೆ ತಿರುಗಿಸುವುದು, ಆಕೆ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಹಾಗೇ ಮಾಡಿಕೊಳ್ಳುವುದು. “ಐವತ್ತು ವರ್ಷ ಆಯ್ತು ನಂಗೆ. ಮೀಸೆ ಬರದಿರೋ ಹುಡ್ರೆಲ್ಲ ಎದೆ ನೋಡ್ಕಂಡು ಹೆಸ್ರಿಡಿದು ಕರೀತಾರೆ ಸಾರ್. ಅಕ್ಕ ಅನ್ಲಿ, ಅಮ್ಮ ಅನ್ಲಿ, ಬಾಯೇನು ಸವೆಯಾಕಿಲ್ಲ.” ಗಿರಾಕಿಗಳು ಆಕೆಯನ್ನು ತೂಕದಮ್ಮ ಎನ್ನುತ್ತಿದ್ದರು. ಆ ಹೆಸರು ಸಾಕು.

ಕೊಡಿಗೇನಹಳ್ಳಿ ಕಡೆಯವಳು. ತಂದೆ ಸಂತೆಗಳಲ್ಲಿ ಕಾಳು ತೂಗುತ್ತಿದ್ದವನಂತೆ. ಆಕೆಯ ಕೈಯೇ ಒಂದು ತಕ್ಕಡಿ. ಹಿಡಿ ತುಂಬ ಹುರುಳಿ ಎತ್ತಿ ಇಷ್ಟು ಎಂದರೆ ಯಂತ್ರವೂ ಅಷ್ಟೇ ಅನ್ನುತ್ತಿತ್ತು. ಹೆಚ್ಚೆಂದರೆ ನಾಲ್ಕೈದು ಕಾಳಿನ ವ್ಯತ್ಯಾಸ. ಕೆಲಸವಿಲ್ಲದ ಹೊತ್ತಿನಲ್ಲಿ ಹುಡುಗಿಯರು ಆಕೆಯ ಅಂಗೈಗೆ ಏನಾದರೂ ಸುರಿದು ಪರೀಕ್ಷೆ ಮಾಡುವರು. ನಾನು ದೂರದಿಂದ ನೋಡುತ್ತಿದ್ದೆ. ಇಷ್ಟು ಚುರುಕಾದ ಕೈ ಯಾವ ಯಾವ ಕೆಲಸಕ್ಕೆ ಆಗಿಬರುತ್ತದೆ ಎಂದೂ ಯೋಚಿಸುತ್ತಿದ್ದೆ.

ಯೋಚನೆ ಹಾಗೆ ಓಡುವುದು ನನ್ನ ಅಭ್ಯಾಸ. ಇಪ್ಪತ್ತಾರು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ಮಧುಗಿರಿ, ಪಾವಗಡ, ಹಿಂದೂಪುರ, ಶಿರಾ, ಕೊರಟಗೆರೆ, ಈ ದಾರಿಗಳಲ್ಲಿ ನಾನು ಕೈ ಅಡ್ಡ ಹಿಡಿಯದ ತಿರುವಿಲ್ಲ. ಟಿಕೆಟ್ ಇಲ್ಲದವನು ನಾನು ಹತ್ತಿದ ಕೂಡಲೇ ಕಿಟಕಿಯಾಚೆ ನೋಡುತ್ತಾನೆ, ಇಲ್ಲವೇ ನಿದ್ದೆ ಹೋಗುತ್ತಾನೆ. ಕಂಡಕ್ಟರ್ ತಪ್ಪಿತಸ್ಥನಾದರೆ ಅವನ ಎಡಗೈ ಚೀಲದ ಒಳಗೇ ಇರುತ್ತದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಎರಡು ವಾರ ಕೂತೆ. ಹೆಂಡತಿ ಸಾಂಬಾರಿಗೆ ಹಾಕುವ ಬೇಳೆ ಎಣಿಸುತ್ತೀರಿ ಎಂದು ಗೊಣಗಿದಳು. ಈ ಕೆಲಸಕ್ಕೆ ಸೇರಿದೆ.

ಸೇರಿದ ಹೊಸದರಲ್ಲಿ ನನ್ನ ಈ ವಿದ್ಯೆಯನ್ನು ಆಕೆಯ ಮುಂದೆ ಹೇಳಿಕೊಂಡೆ. ಕೇಳಿದಳು. ಕೊನೆಗೆ ತಲೆ ಅಲ್ಲಾಡಿಸಿ, “ಮುಖ ನೋಡಬ್ಯಾಡಿ ಸಾರ್. ಮುಖ ಸುಳ್ಳೇಳ್ತೈತೆ. ಮೊಣಕೈ ನೋಡಿ,” ಅಂದಳು.

“ಮೊಣಕೈಯಲ್ಲಿ ಏನಿದೆ?”

“ಬಚ್ಚಿಟ್ಕಂಡೋರು ಮೊಣಕೈನ ಪಕ್ಕೆಗೆ ಒತ್ಕಂಡಿರ್ತಾರೆ. ಕಾಸು ಕೊಟ್ಟು ತಗಂಡೋರು ಬೀಸ್ಕಂಡು ಹೋಯ್ತಾರೆ.”

ಒಂದು ವಾರ ಮೊಣಕೈ ನೋಡಿದೆ. ಆಕೆ ಹೇಳಿದ್ದು ಸರಿಯಿತ್ತು. ಕಾಲೇಜು ಹುಡುಗಿಯರು, ಮೇಷ್ಟ್ರುಗಳು, ಕೈಗೆ ಚಿನ್ನದ ಕಡಗ ಹಾಕಿದವರು, ಯಾರೆಂದು ಹೇಳಲಿ. ಸೋಪು, ಚಾಕೊಲೇಟು, ತುಪ್ಪದ ಬಾಟಲಿ, ಕ್ಷೌರದ ಬ್ಲೇಡು. ಬಡವರು ಅಕ್ಕಿ ಕದಿಯುತ್ತಾರೆ ಎಂದುಕೊಂಡಿದ್ದೆ. ಅಕ್ಕಿ ಕದ್ದವರನ್ನು ನಾನು ಇದುವರೆಗೆ ಕಂಡಿಲ್ಲ.

ಆದರೆ ಕಂಡು ಮಾಡುವುದೇನು? ಸ್ಟೋರ್ ರೂಮಿನ ಬಾಗಿಲ ಹಿಂದೆ ಕಂಪನಿಯ ನಿಯಮ ಅಂಟಿಸಿದೆ. ಗ್ರಾಹಕರನ್ನು ತಡೆಯಬಾರದು. ಮುಟ್ಟಬಾರದು. ಚೀಲ ತೆರೆಯಿರಿ ಎನ್ನಬಾರದು. ಕಳವು ಎಂಬ ಪದ ಬಳಸಬಾರದು. ಬಾಗಿಲ ಹಳದಿ ಗೆರೆ ದಾಟಿ ಹಿಂಬಾಲಿಸಬಾರದು. ಅನುಮಾನ ಬಂದರೆ ಹತ್ತಿರ ಹೋಗಿ, ನಗುಮುಖದಿಂದ, ‘ತಮಗೆ ಏನಾದರೂ ಸಹಾಯ ಬೇಕೆ’ ಎಂದು ಕೇಳಬಹುದು. ಅದೇ ಹಾಳೆಯ ಕೆಳಗೆ ನಮ್ಮಂಥವರಿಗೆ ಬೇರೆ ನಿಯಮ: ಸಿಬ್ಬಂದಿ ಮಧ್ಯಾಹ್ನ ಮತ್ತು ಸಂಜೆ ಹೊರಡುವಾಗ ಚೀಲ, ಊಟದ ಡಬ್ಬಿ ತೆರೆದು ತೋರಿಸಬೇಕು.

ತೆರೆಸಿ ನೋಡುವವನು ನಾನೇ. ಆಕೆ ದಿನವೂ ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಮಟ್ಟಕ್ಕೆ ಹಿಡಿಯುತ್ತಿದ್ದಳು. “ನೋಡಿ ಸಾರ್, ತಳದಲ್ಲಿ ಮುದ್ದೆ ಅಂಟೈತೆ. ಕೆರೆದು ತೋರಿಸ್ಲಾ? ಅಲ್ಲಿ ಹೋಯ್ತಾ ಅವ್ನಲ್ಲ ಕೂಲಿಂಗ್ ಗ್ಲಾಸು, ಅವ್ನ ಪ್ಯಾಂಟಾಗೆ ಎರಡು ಸೆಂಟು ಬಾಟ್ಲಿ ಐತೆ. ಅವ್ನಿಗೆ ನಮಸ್ಕಾರ ಹಾಕಿದ್ರಿ.”

ನಾನು ತಿರುಗಿ ನೋಡುವಷ್ಟರಲ್ಲಿ ಅವನು ಬೈಕು ಹತ್ತಿದ್ದ. ಆಕೆ ಹಳದಿ ಗೆರೆಯವರೆಗೆ ಓಡಿದಳು. ಗೆರೆಯ ಮೇಲೆ ಹೆಬ್ಬೆರಳು ಊರಿ ನಿಂತಳು, ಕಬಡ್ಡಿ ಆಡುವವರ ಹಾಗೆ. ಅಲ್ಲಿಂದಲೇ ರಸ್ತೆಗೆಲ್ಲ ಕೇಳುವಂತೆ ಕೂಗಿದಳು: “ಅಣ್ಣೋ, ಬಿಲ್ಲು ಮರೆತುಬುಟ್ರಿ. ಪ್ಯಾಂಟಾಗಿರೋದ್ರ ಬಿಲ್ಲು.” ಎದುರಿನ ಚಹಾ ಅಂಗಡಿಯವರೆಲ್ಲ ಅವನ ಪ್ಯಾಂಟು ನೋಡಿದರು. ಕಳವು ಎಂಬ ಪದ ಆಕೆ ಬಳಸಿರಲಿಲ್ಲ. ನದೀಮ್ ನಿಯಮದ ಹಾಳೆಯನ್ನು ಎರಡು ಸಲ ಓದಿದರು, ಯಾವ ಸಾಲಿಗೂ ಸಿಗಲಿಲ್ಲ.

ಇನ್ನೊಂದು ಸಲ, ಬೇಸಗೆಯ ನಡುಹಗಲು, ಸ್ವೆಟರ್ ಹಾಕಿದ ಒಬ್ಬ ದೊಡ್ಡ ಮನುಷ್ಯ ಬಂದ. ನಮ್ಮ ಬಿಸಿಲಿಗೆ ಬೆಟ್ಟದ ಕಲ್ಲೇ ಸಿಡಿಯುವಂತಿರುವಾಗ ಸ್ವೆಟರ್. ತುಪ್ಪದ ಎರಡು ಬಾಟಲಿ ಒಳಗೆ ಹೋದದ್ದನ್ನು ಆಕೆ ನೋಡಿದಳು. ಹತ್ತಿರ ಹೋಗಿ, ನಗುತ್ತಾ, “ಏನಾರ ಸಹಾಯ ಬೇಕಾ ಅಣ್ಣ?” ಅಂದಳು. ಬೇಡ ಅಂದ. ಬಿಸ್ಕತ್ತಿನ ಕಡೆ ಹೋದ. “ಸಹಾಯ ಬೇಕಾ ಅಣ್ಣ?” ಸೋಪಿನ ಕಡೆ ಹೋದ. “ಏನಾರ ಸಹಾಯ?” ಅವನು ನಿಂತರೆ ನಿಂತಳು, ನಡೆದರೆ ನಡೆದಳು. “ಸೆಕೆ ಅಲ್ವಾ ಅಣ್ಣ? ಸ್ವೆಟರ್ ಹಿಡ್ಕಬೇಕಾ?” ಕೊನೆಗೆ ಅವನು ಎರಡೂ ಬಾಟಲಿಗಳನ್ನು ಪೊರಕೆಗಳ ನಡುವೆ ಇಟ್ಟು ಹೊರಟುಹೋದ. ಮರುದಿನ ತುಮಕೂರಿಗೆ ದೂರು ಹೋಯಿತು. ಸಿಬ್ಬಂದಿ ಅತಿಯಾಗಿ ಸಹಾಯ ಮಾಡಲು ಬರುತ್ತಾರೆ, ನೆಮ್ಮದಿಯಾಗಿ ಖರೀದಿ ಮಾಡಲು ಬಿಡುವುದಿಲ್ಲ. ಆಕೆಗೆ ಎಚ್ಚರಿಕೆಯ ಪತ್ರ ಬಂತು.

ಅದನ್ನು ಮಡಿಸಿ ಊಟದ ಡಬ್ಬಿಯ ಅಡಿಗೆ ಹಾಸಿಕೊಂಡಳು. ಆದರೆ ಆ ದಿನ ಊಟ ಮಾಡಲಿಲ್ಲ. “ಸಾರ್, ನಮ್ಮಪ್ಪ ಸಂತೇಲಿ ಒಬ್ಬನ್ನ ಹಿಡ್ಕಂಡ್ರೆ ಸಂತೆ ಎಲ್ಲಾ ಬತ್ತಿತ್ತು. ಇಲ್ಲಿ ನಾನು ಹಿಡ್ಕಂಡ್ರೆ ನಂಗೇ ಪತ್ರ ಬತ್ತೈತೆ. ಹೋಗಿದ್ದು ಮಾತ್ರ ನಮ್ ತಲೆ ಮೇಲೇ. ತಿಂಗ್ಳಾದ್ರೆ ಕೊರತೆ ಪಟ್ಟಿ ಗೋಡೆಗೆ ಹಾಕಿ ನಮ್ ಮುಖನೇ ನೋಡ್ತಾರೆ.” ಆಕೆ ಕೋಪದಿಂದ ಮಾತಾಡಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಇಷ್ಟೆಲ್ಲ ಕಂಡೂ ನಾನು ಆಕೆಯನ್ನು ಅನುಮಾನಿಸಿದ್ದೇಕೆ? ಅದಕ್ಕೂ ಕಾರಣವಿದೆ. ಒಂದು ದಿನ ಕಾಳಿನ ಡಬ್ಬ ಒರೆಸುತ್ತಾ ಹೇಳಿದಳು: “ಚೆಕಿಂಗ್ ಸಾರ್, ಒಂದ್ಸಲ ಪಾವಗಡದಿಂದ ಟಿಕೆಟ್ ಇಲ್ದೆ ಬಂದಿದ್ದೆ. ನೀವೇ ಹತ್ತಿದ್ರಿ.”

“ಹಿಡಿದೆನಾ?”

“ಎಲ್ಲಿ ಹಿಡಿದ್ರಿ. ನೀವು ನನ್ ಹತ್ರ ಬರಾಕ್ ಮುಂಚೆ ನಾನೇ ಕೇಳ್ದೆ, ಸಾರ್ ಮಿಡಿಗೇಶಿ ಹೋಗ್ಬುಡ್ತಾ ಅಂತ. ಇನ್ನೂ ಇಲ್ಲ ಕೂತ್ಕಳಮ್ಮ, ಬಂದ್ರೆ ಹೇಳ್ತೀನಿ ಅಂದ್ರಿ. ಮುಂದಿನ ಸೀಟಿಗೆ ಹೋದ್ರಿ.”

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅದು ನಡೆದದ್ದೋ, ನನ್ನನ್ನು ಆಡಿಸಲು ಕಟ್ಟಿದ ಕತೆಯೋ, ಇವತ್ತಿಗೂ ಗೊತ್ತಿಲ್ಲ. ನನ್ನ ಹಳೆಯ ಡೈರಿಗಳನ್ನು ತೆಗೆದು ಪಾವಗಡದ ದಾರಿಯ ಪುಟಗಳನ್ನೆಲ್ಲ ನೋಡಿದೆ. ಹಿಡಿಯದವರ ಹೆಸರು ಡೈರಿಯಲ್ಲಿ ಇರುವುದಿಲ್ಲವಲ್ಲ. ಅಂದಿನಿಂದ ಆಕೆ ನನಗೆ ಕಿಟಕಿಯಾಚೆ ನೋಡದ ಪ್ರಯಾಣಿಕಳಾಗಿ ಕಂಡಳು. ಅಂಥವರು ಹೆಚ್ಚು ಅಪಾಯ.

ಹೀಗಿರುವಾಗ ತುಮಕೂರಿನ ಏರಿಯಾ ಅಧಿಕಾರಿ ಬಂದರು. ಕೊರತೆಯಲ್ಲಿ ಲೂಸ್ ಸೆಕ್ಷನ್ ಮುಂದಿದೆ, ಹೊರಗಿನವರು ಕಾಳನ್ನು ಜೇಬಿಗೆ ತುಂಬಿಕೊಂಡು ಹೋಗಲು ಆಗುವುದಿಲ್ಲ, ಆದ್ದರಿಂದ ಒಳಗಿನವರದೇ ಕೆಲಸ ಎಂದರು. ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ಮ ಸರ್ವಿಸ್ ಬಗ್ಗೆ ಕೇಳಿದ್ದೀನಿ. ಬಾಗಿಲಿಂದ ಆ ಕೌಂಟರ್ ನೇರವಾಗಿ ಕಾಣುತ್ತೆ. ಸುಮ್ಮನೆ ನೋಡಿ, ಬರೆದಿಡಿ.”

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಬಾಗಿಲಿಂದ ತೂಕದ ಯಂತ್ರಕ್ಕೆ ಹನ್ನೆರಡು ಹೆಜ್ಜೆ. ನೋಡತೊಡಗಿದೆ. ಮೊದಲ ದಿನವೇ ಸಿಕ್ಕಿತು. ಗಿರಾಕಿ ಒಂದು ಕಿಲೋ ಕಡಲೆಬೀಜ ಕೇಳುತ್ತಾರೆ. ಆಕೆ ಕವರಿಗೆ ತುಂಬಿ ಯಂತ್ರದ ಮೇಲಿಡುತ್ತಾಳೆ. ತೂಕ, ಬೆಲೆ ಬರೆದ ಸ್ಟಿಕ್ಕರ್ ಬರುತ್ತದೆ. ಕವರನ್ನು ಕೆಳಗಿಳಿಸಿ, ಕೈ ಹಾಕಿ ಕಾಳು ಕುಲುಕಿ ಸರಿಮಾಡಿ, ಸ್ಟಿಕ್ಕರ್ ಅಂಟಿಸುತ್ತಾಳೆ. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಗಿರಾಕಿ, ಅದರಲ್ಲೂ ಹಳ್ಳಿಯ ಹೆಂಗಸರು, ಕವರಿನ ಬಾಯಿ ಹಿಡಿದೇ ನಿಲ್ಲುತ್ತಾರೆ. ಪಾವಗಡದ ಕಡೆಯ ಮುದುಕಿಯಾದರೆ, “ಏಮಮ್ಮಾ, ಕೊಸರು ಲೇದಾ?” ಅನ್ನುತ್ತಾಳೆ. ಆಗ ಆಕೆಯ ಎಡಗೈ ಡಬ್ಬದ ಕಡೆಯಿಂದ ಎದ್ದು ಬಂದು ಕವರಿನ ಮೇಲೆ ತೆರೆಯುತ್ತದೆ. ಒಂದು ಹಿಡಿ, ಬಿಲ್ಲಿಲ್ಲದ್ದು. “ತಗಳವ್ವ, ಕೊಸರಿಲ್ದೆ ಕಳುಸ್ತೀನಾ?” ಮುದುಕಿಯ ಮುಖ ಅರಳುತ್ತದೆ.

ತೂಕದ ಮೇಲೆ ಬಿಟ್ಟಿಯಾಗಿ ಹಾಕುವ ಈ ಕೊಸರು ನಮ್ಮ ಕಡೆ ಹೊಸದೇನಲ್ಲ. ನನ್ನ ತಾಯಿಯೂ ಸೊಪ್ಪಿನವಳ ಹತ್ತಿರ ಕೊಸರಿಲ್ಲದೆ ಎದ್ದವರಲ್ಲ. ಆದರೆ ಸೊಪ್ಪಿನವಳು ಕೊಡುವುದು ಅವಳ ಸೊಪ್ಪು. ಇಲ್ಲಿ ಕೊಡುತ್ತಿದ್ದುದು ಕಂಪನಿಯ ಕಡಲೆಬೀಜ. ಸಂಜೆಯವರೆಗೆ ಹನ್ನೊಂದು ಸಲ. ಸಮಯ, ಕಾಳಿನ ಹೆಸರು, ಗಿರಾಕಿಯ ಗುರುತು, ಪ್ರತಿಯೊಂದನ್ನೂ ಬರೆದೆ. ಪಕ್ಕದ ಕಾಲಮ್ಮಿನಲ್ಲಿ ‘ಸ್ಟಿಕ್ಕರ್ ನಂತರ ಒಂದು ಹಿಡಿ ಹೆಚ್ಚುವರಿ’ ಎಂದು ಹನ್ನೊಂದು ಸಲ ಬರೆದೆ. ಮರುದಿನ ಕಳುಹಿಸಿದೆ.

ವಿಚಾರಣೆ ಒಳಗಿನ ಕೋಣೆಯಲ್ಲಿ ಆಗುತ್ತದೆ ಅಂದುಕೊಂಡಿದ್ದೆ. ಅಧಿಕಾರಿ ನೇರವಾಗಿ ತೂಕದ ಕೌಂಟರಿಗೇ ಬಂದರು. ಅಷ್ಟು ಹೊತ್ತಿಗೆ ಆ ಪಾವಗಡದ ಮುದುಕಿಯೂ ಕಡಲೆಬೀಜ ಕೊಂಡು ಅಲ್ಲೇ ನಿಂತಿದ್ದಳು, ಹಿಂದೆ ಇನ್ನೂ ನಾಲ್ಕೈದು ಜನ. ಅಧಿಕಾರಿ ನನ್ನ ಹನ್ನೊಂದು ಸಾಲುಗಳನ್ನೂ ಗಟ್ಟಿಯಾಗಿ ಓದಿದರು.

ಆಕೆ ಮುದುಕಿಯ ಕೈಯಲ್ಲಿದ್ದ ಕವರು ತೋರಿಸಿ, “ತೂಕ ಹಾಕಿ ನೋಡಿ ಸಾರ್,” ಅಂದಳು.

“ತೂಕದ ಪ್ರಶ್ನೆ ಅಲ್ಲಮ್ಮ. ಕ್ಯಾಮೆರಾದಲ್ಲಿ ಇದೆ, ಬರವಣಿಗೆಯಲ್ಲಿ ಇದೆ.”

“ತೂಕ ಹಾಕಿ ನೋಡಿ.”

“ಕೊಸರು ಏಸ್ತೇ ದೊಂಗತನಮಾ ನಾಯನಾ?” ಎಂದಳು ಮುದುಕಿ, ಕೊಸರು ಹಾಕಿದರೆ ಕಳ್ಳತನವಾ ಎಂದು. ಅಧಿಕಾರಿಗೆ ತೆಲುಗು ಬಾರದು. ನನ್ನ ಕಡೆ ತಿರುಗಿದರು. “ನೀವು ಕಣ್ಣಾರೆ ನೋಡಿದ್ರಾ?”

“ನೋಡಿದೆ.”

ಆಕೆ ಮೂರನೆಯ ಸಲ, ಸಣ್ಣ ದನಿಯಲ್ಲಿ, “ತೂಕ ಹಾಕಿ,” ಅಂದಳು. ಯಂತ್ರ ಒಂದು ಮೊಳ ದೂರದಲ್ಲಿತ್ತು. ಯಾರೂ ಹಾಕಲಿಲ್ಲ. ಆಕೆ ನನ್ನ ಕಡೆ ನೋಡಿದಳು, ಮುಖವನ್ನಲ್ಲ, ಮೊಣಕೈಯನ್ನು. ಡೈರಿ ನನ್ನ ಕಂಕುಳಲ್ಲಿತ್ತು. ಮೊಣಕೈ ಪಕ್ಕೆಗೆ ಒತ್ತಿಕೊಂಡಿತ್ತು.

ಬಿಡುಗಡೆಯ ಪತ್ರದಲ್ಲಿ ‘ಅಪ್ರಾಮಾಣಿಕತೆ’ ಎಂದು ಕಾರಣ ಬರೆದರು. ಆ ಒಂದು ಪದದಿಂದ ಮಧುಗಿರಿಯ ಎರಡು ಅಂಗಡಿಗಳು, ಕೊರಟಗೆರೆಯ ಒಂದು ಬಟ್ಟೆ ಅಂಗಡಿ ಆಕೆಯನ್ನು ಸೇರಿಸಿಕೊಳ್ಳಲಿಲ್ಲ ಎಂದು ಪುಷ್ಪ ಹೇಳಿದ್ದಳು. ಪುಷ್ಪ ತೋವಿನಕೆರೆಯಿಂದ ದಿನವೂ ಬಸ್ಸಿನಲ್ಲಿ ಬರುವವಳು, ಸುದ್ದಿ ಅವಳಿಗೆ ಸಿಗುತ್ತದೆ. ಆಗ ನಾನು, ಬರೆದದ್ದು ಕಂಡದ್ದನ್ನೇ, ಎಂದು ಸುಮ್ಮನಾಗಿದ್ದೆ.

ಇವತ್ತು ಬೆಳಗಿನಿಂದ ಡಬ್ಬಗಳನ್ನು ಖಾಲಿ ಮಾಡಿಸುತ್ತಿದ್ದೆ. ಹನ್ನೆರಡು ಡಬ್ಬ. ತೊಗರಿಬೇಳೆಯ ಡಬ್ಬದ ಹಿಂದೆ ಗೋಡೆಯ ಬುಡದಲ್ಲಿ ಇಲಿ ಕೊರೆದ ತೂತು ಸಿಕ್ಕಿತು, ನನ್ನ ಮುಷ್ಟಿ ಹಿಡಿಸುವಷ್ಟು. ಅದರ ಒಳಗೆ ಬೇಳೆ, ಹೊಟ್ಟು, ಹರಿದ ಕವರು. ಅದನ್ನೂ ಪಟ್ಟಿಯಲ್ಲಿ ಬರೆದೆ. ಒಂದು ಇಲಿ ಇಷ್ಟೆಲ್ಲ ತಿಂದಿತು ಎಂದು ನಾನು ನಂಬುವವನಲ್ಲ. ಆದರೂ ಪುಷ್ಪಳನ್ನು ಕೇಳಿದೆ: “ಆ ತೂಕದಮ್ಮ ಈಗ ಎಲ್ಲಿದ್ದಾಳೆ?”

“ಅಯ್ಯೋ, ನಿಮ್ಗೆ ಗೊತ್ತಿಲ್ವಾ ಸಾರ್? ಇಲ್ಲೇ ಬಸ್ ಸ್ಟ್ಯಾಂಡಲ್ಲಿ, ಕೊಡಿಗೇನಹಳ್ಳಿ ಬಸ್ ನಿಲ್ಲೋ ಕಡೆ ತಳ್ಳೋ ಗಾಡಿ ಇಟ್ಕೊಂಡವ್ರೆ. ನೀವು ಆ ಗೇಟಲ್ಲಿ ಹೋಗಲ್ವಲ್ಲ ಈಗ.”

ಹೋಗುತ್ತಿರಲಿಲ್ಲ, ನಿಜ. ಏಳು ತಿಂಗಳಿಂದ ಇನ್ನೊಂದು ಗೇಟಿನಿಂದಲೇ ಬರುತ್ತಿದ್ದೆ. ಏಕೆಂದು ಕೇಳಿಕೊಂಡಿರಲಿಲ್ಲ.

ಒಂದೂವರೆಗೆ ಊಟದ ಬಿಡುವು. ಹೋದೆ. ಗಾಡಿಯ ಮೇಲೆ ಕಡಲೆಬೀಜ, ಹುರುಳಿ, ಹುಣಸೆಹಣ್ಣು, ಒಂದು ಸಣ್ಣ ತೂಕದ ಯಂತ್ರ. ಬಿಸಿಲಿಗೆ ಕಪ್ಪಾಗಿದ್ದಳು. ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ.

“ಬನ್ನಿ ಸಾರ್,” ಅಂದಳು. “ಟಿಕೆಟ್ ತೋರಿಸ್ಬೇಕಾ?”

“ಒಂದು ಕಿಲೋ ಕಡಲೆಬೀಜ ಕೊಡಿ.”

ಖಾಲಿ ಕಾಗದ ಇಟ್ಟು ಯಂತ್ರವನ್ನು ಸೊನ್ನೆಗೆ ತಂದು, ಪೊಟ್ಟಣಕ್ಕೆ ತುಂಬಿ ತೂಗಿದಳು. ಯಂತ್ರ ಒಂದು ಕಿಲೋ ತೋರಿಸಿತು, ನಾನೂ ನೋಡಿದೆ. ಪೊಟ್ಟಣವನ್ನು ಇಳಿಸಿ, ಕೈ ಹಾಕಿ ಕುಲುಕಿ ಸರಿಮಾಡಿದಳು. ನಾನು ಕಾಸು ಕೊಟ್ಟು ಕೈ ಚಾಚಿದೆ. ಆಕೆ ಕೊಡಲಿಲ್ಲ.

“ಕೊಸರು ಕೇಳಲ್ವಾ ಸಾರ್? ಕೇಳಿದ್ರೆ ತಾನೆ ಹಾಕೋದು.”

ಎಪ್ಪತ್ತರ ಹತ್ತಿರ ಬಂದ ಗಂಡಸು ಬಸ್ ನಿಲ್ದಾಣದಲ್ಲಿ ನಿಂತು ಕೊಸರು ಕೇಳುವುದೆಂದರೆ. ಹಿಂದೆ ಯಾರೋ ಕಾಯುತ್ತಿದ್ದರು. “ಹಾಕಿ,” ಅಂದೆ.

ಎಡಗೈ ರಾಶಿಯ ಕಡೆಯಿಂದ ಎದ್ದು ಬಂತು. ಪೊಟ್ಟಣದ ಮೇಲೆ ತೆರೆಯಿತು. ಒಂದು ಹಿಡಿ.

“ಬರ್ಕಳಿ ಸಾರ್,” ಅಂದಳು. “ಹನ್ನೆರಡು.”

ನನ್ನ ಹಿಂದಿದ್ದವನ ಕಡೆ ತಿರುಗಿ, “ನಿಂಗೇನು ಬೇಕು ಕಣಪ್ಪ?” ಎಂದಳು. ನಾನು ಪೊಟ್ಟಣ ಹಿಡಿದು ಬದಿಗೆ ಸರಿದೆ.

ಎರಡಕ್ಕೆ ಅಂಗಡಿಗೆ ಮರಳಿದೆ. ಯಂತ್ರವನ್ನು ಇನ್ನೂ ಬಿಚ್ಚಿರಲಿಲ್ಲ. ಪೊಟ್ಟಣವನ್ನು ಅದರ ಮೇಲಿಟ್ಟೆ. ಒಂದು ಕಿಲೋ ನಾಲ್ಕು ಗ್ರಾಂ. ಇಳಿಸಿ, ಸೊನ್ನೆ ಬಂದದ್ದು ನೋಡಿ, ಮತ್ತೆ ಇಟ್ಟೆ. ಅಷ್ಟೇ. ಅಂಥದೇ ಒಂದು ಖಾಲಿ ಕಾಗದ ಇಟ್ಟೆ. ನಾಲ್ಕು ಗ್ರಾಂ. ಹಿಡಿ ಹಾಕಿದ್ದನ್ನು ಎರಡು ಅಡಿ ದೂರದಿಂದ ನೋಡಿದ್ದೇನೆ. ಹಾಕಿದ ಮೇಲೂ ಕಡಲೆಬೀಜ ಒಂದೇ ಕಿಲೋ.

ಹಾಗಾದರೆ ಆ ಹಿಡಿ ಎಲ್ಲಿಂದ ಬಂತು? ತೂಗಿದ ಪೊಟ್ಟಣದ ಒಳಗಿನಿಂದಲೇ. ಕುಲುಕಿ ಸರಿಮಾಡುವಾಗ ಎಡಗೈ ಒಂದು ಹಿಡಿ ಎತ್ತಿಕೊಂಡು, ರಾಶಿಯ ಮೇಲೆ ಸುಮ್ಮನೆ ಕೂತು, ಕೇಳಿದಾಗ ಅದನ್ನೇ ಹಿಂದಕ್ಕೆ ಹಾಕುತ್ತದೆ. ಇಪ್ಪತ್ತಾರು ವರ್ಷ ಕಂಡಕ್ಟರುಗಳ ಎಡಗೈ ನೋಡಿದ ನಾನು ಆಕೆಯ ಎಡಗೈ ಬರುವುದನ್ನು ಮಾತ್ರ ನೋಡಿದ್ದೆ, ಹೋಗುವುದನ್ನು ನೋಡಿರಲಿಲ್ಲ.

ಆದರೆ ನಾನು ತೂಗಿ ನೋಡುತ್ತೇನೆಂದು ಆಕೆಗೆ ಗೊತ್ತಿದ್ದಿರಬಹುದು. ನನಗೆಂದೇ ಹೀಗೆ ಮಾಡಿರಬಹುದು. ಒಂದು ಬಸ್ಸು ಸರಿಯಿದ್ದರೆ ದಾರಿಯೆಲ್ಲ ಸರಿಯಿದೆ ಎಂದು ನಾನು ಯಾವತ್ತೂ ಬರೆದವನಲ್ಲ. ಪುಷ್ಪಳನ್ನು ಕರೆದು ಕಾಸು ಕೊಟ್ಟೆ. “ಒಂದು ಕಿಲೋ ಕಡಲೆಬೀಜ ತಗೊಂಡು ಬಾ. ಕೊಸರು ಕೇಳು. ನಾನು ಕಳಿಸಿದೆ ಅನ್ನಬೇಡ.”

ಯಂತ್ರದ ಮೇಲಿದ್ದ ಪೊಟ್ಟಣ ನೋಡಿ ಅವಳಿಗೆ ನಗು ಬಂತು. “ಅಷ್ಟು ದಿನ ಬಾಗಿಲಲ್ಲಿ ನಿಂತಿದ್ರಿ, ಗೊತ್ತಿರ್ಲಿಲ್ವಾ ಸಾರ್? ನಮ್ಗೆಲ್ಲ ಗೊತ್ತಿತ್ತು. ಕೊಸರು ಕೇಳೋರಿಗೆ ಮಾತ್ರ ಹಿಡಿ ಎತ್ಕೊಳ್ಳೋರು. ನಂಗೂ ಕಲಿಸಿಕೊಟ್ಟಿದ್ರು, ನನ್ ಕೈಗೆ ಬರ್ಲಿಲ್ಲ.”

“ಗೊತ್ತಿದ್ದರೆ ಅವತ್ತು ಯಾಕೆ ಹೇಳಲಿಲ್ಲ?”

ನಗು ನಿಂತಿತು. “ಯಾರು ಕೇಳಿದ್ರು ಸಾರ್ ನಮ್ಮನ್ನ? ನಿಮ್ ಡೈರಿ ಓದಿದ್ರು, ಅಷ್ಟೇ.”

“ಆಕೆಯಾದರೂ ಹೇಳಬಹುದಿತ್ತು.”

“ಹೆಂಗೇಳ್ತಾರೆ? ಆ ಅಜ್ಜಿ ಪಕ್ಕದಲ್ಲೇ ನಿಂತಿತ್ತು. ಇಷ್ಟು ದಿನ ಹಾಕಿದ್ದೆಲ್ಲ ನಿನ್ ಕಾಳೇ ಕಣಜ್ಜಿ ಅಂತ ಅದರ ಮುಂದೆ ಹೇಳ್ಬೇಕಿತ್ತಾ? ನಾನೂ ಆಮೇಲೆ ಕೇಳ್ದೆ. ಕೆಲ್ಸ ಹೋದ್ರೆ ಹೋಗ್ಲಿ ಕಣಮ್ಮಿ, ಆ ಮುದುಕಿ ಮುಖ ನೋಡಾಕೆ ಆಗ್ತಿರ್ಲಿಲ್ಲ ಅಂದ್ರು.”

ಪುಷ್ಪ ಹೋಗಿ ಬಂದಳು. ಎರಡನೆಯ ಪೊಟ್ಟಣ ಒಂದು ಕಿಲೋ ಐದು ಗ್ರಾಂ, ಕಾಗದ ಸೇರಿ. ಎರಡರ ತೂಕದ ಸ್ಟಿಕ್ಕರನ್ನೂ ಯಂತ್ರದಿಂದ ಹೊರಡಿಸಿಕೊಂಡೆ. ಮೂರನೆಯದನ್ನು ತರಿಸಬೇಕೆನ್ನಿಸಲಿಲ್ಲ.

ಮೂರೂವರೆಗೆ ಬಿಳಿ ಹಾಳೆ ತೆಗೆದುಕೊಂಡು ಏರಿಯಾ ಅಧಿಕಾರಿಗೆ ಬರೆದೆ. ನನ್ನ ಹಿಂದಿನ ವರದಿಯಲ್ಲಿ ಹಿಡಿ ಹಾಕಿದ್ದು ನಿಜ, ‘ಹೆಚ್ಚುವರಿ’ ಎಂದದ್ದು ತಪ್ಪು. ನಾನು ತೂಗಿ ನೋಡಿರಲಿಲ್ಲ. ತೂಗಿ ನೋಡಿ ಎಂದು ಸದರಿ ನೌಕರಳು ನನ್ನ ಎದುರಿನಲ್ಲೇ ಮೂರು ಸಲ ಕೇಳಿದ್ದಳು. ಬಿಡುಗಡೆ ಪತ್ರದಲ್ಲಿರುವ ‘ಅಪ್ರಾಮಾಣಿಕತೆ’ ಎಂಬ ಪದವನ್ನು ತೆಗೆದು ಬೇರೆ ಪತ್ರ ಕೊಡಬೇಕು. ತಪ್ಪು ವರದಿಗೆ ನಾನು ಹೊಣೆ. ಎರಡು ಸ್ಟಿಕ್ಕರುಗಳನ್ನೂ ಕೆಳಗೆ ಅಂಟಿಸಿದೆ.

ನದೀಮ್ ಓದಿ ಹಾಳೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು. “ಸರ್, ಆ ಫೈಲ್ ಕ್ಲೋಸ್ ಆಗಿದೆ. ಈಗ ಇದನ್ನ ಕಳ್ಸಿದ್ರೆ ನಿಮ್ ಮೇಲೇ ಬರ್ತದೆ. ಬಾಗಿಲಿಗೆ ಬೇರೆಯವರನ್ನ ಹಾಕು ಅಂತಾರೆ. ಬೇಕಾ ಇದೆಲ್ಲ ಈ ವಯಸ್ಸಲ್ಲಿ?”

“ತಲುಪಿಸಿದ್ದಕ್ಕೆ ಒಂದು ಸಹಿ ಹಾಕಿ.”

“ಅಲ್ಲ ಸರ್...”

“ನನ್ನ ಹತ್ತಿರ ಇರುವ ಪ್ರತಿಗೂ ಒಂದು ಸಹಿ.”

ಹಾಕಿದರು. ಅವರು ಒಳ್ಳೆಯವರೇ. ಪತ್ರ ವ್ಯಾನಿನ ಟಪಾಲು ಚೀಲಕ್ಕೆ ಹೋಗುವುದನ್ನು ಮಾತ್ರ ನಾನು ಪಕ್ಕದಲ್ಲೇ ನಿಂತು ನೋಡಿದೆ. ಶಿರಾ ಮುಗಿಸಿ ವ್ಯಾನು ತುಮಕೂರಿಗೆ ಹೋಗುತ್ತದೆ.

ಐದೂಕಾಲಿಗೆ ಯಂತ್ರದ ವೈರು ಬಿಚ್ಚಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿಸಿದೆ. ಐದೂವರೆಗೆ ಬರಬೇಕಿದ್ದ ವ್ಯಾನು ಐದು ನಲವತ್ತಕ್ಕೆ ಬಂತು. ಹನ್ನೆರಡು ಖಾಲಿ ಡಬ್ಬ, ಒಂಬತ್ತು ಚೀಲ, ಒಂದು ಯಂತ್ರ. ಚಾಲಕನಿಂದ ಸಹಿ ತೆಗೆದುಕೊಂಡೆ. ಸಿಬ್ಬಂದಿಯ ಊಟದ ಡಬ್ಬಿಗಳನ್ನು ನೋಡಿ ಕಳುಹಿಸಿದೆ. ಕೊನೆಯಲ್ಲಿ ನನ್ನ ಚೀಲವನ್ನು ತೆರೆದು ಪುಷ್ಪಳಿಗೆ ತೋರಿಸಿದೆ, ಎರಡು ಪೊಟ್ಟಣ ಕಡಲೆಬೀಜ, ಒಂದು ಡೈರಿ.

ಆಮೇಲೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಏಳು ತಿಂಗಳ ಹಿಂದಿನ ಆ ಪುಟ ತೆರೆದೆ. ಹನ್ನೊಂದನೆಯ ಸಾಲಿನ ಕೆಳಗೆ ಹನ್ನೆರಡು ಎಂದು ಬರೆದು, ಸಮಯ ಒಂದು ನಲವತ್ತು, ಕಡಲೆಬೀಜ, ಗಿರಾಕಿ ನಾನು, ಎಂದು ತುಂಬಿದೆ. ಪಕ್ಕದ ಕಾಲಮ್ಮಿನಲ್ಲಿ ಮೊದಲ ಸಾಲಿನಿಂದ ಶುರುಮಾಡಿ ‘ಹೆಚ್ಚುವರಿ’ ಎಂಬುದನ್ನು ಒಂದೊಂದಾಗಿ ಹೊಡೆದುಹಾಕಿ, ‘ತೂಗಿ ನೋಡಿಲ್ಲ’ ಎಂದು ಹನ್ನೊಂದು ಸಲ ಬರೆದೆ. ಹನ್ನೆರಡನೆಯದರ ಮುಂದೆ ‘ತೂಗಿದೆ, ಸರಿಯಿದೆ’ ಎಂದು ಬರೆದು ಸಹಿ ಮಾಡಿದೆ. ಆಗ ಆರು ಗಂಟೆ ಹತ್ತು ನಿಮಿಷ.